ಹೊಳೆಗೆ ಹೋದ ಹೊಲಗಳು: ನಮ್ಮೂರ ದಂಡೆಯ ಇತಿಹಾಸ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಮೇಲೆ ಒಂದು ಲೇಖನ ಬೇಕೆಂದು ಸಂಘದ ಆಡಳಿತ ಮಂಡಳಿಯವರು ಕೇಳಿದರು. ಗಳಗನಾಥದ ಇತಿಹಾಸವೆಂದರೆ ಗಳಗೇಶ್ವರ ಗುಡಿ, ಸಂಗಮ, ಕಾದಂಬರಿಕಾರ ಗಳಗನಾಥರು, ಇಷ್ಟರಲ್ಲಿ ಮುಗಿಸುವ ರೂಢಿ ಬಿದ್ದಿದೆ. ಈ ಮೂರೂ ನಮಗೆ ಅಭಿಮಾನದ ವಿಷಯಗಳೇ. ಆದರೆ ಅವುಗಳ ಬಗ್ಗೆ ಬಲ್ಲವರು ಬರೆದಿದ್ದಾರೆ, ಮುಂದೆಯೂ ಬರೆಯುತ್ತಾರೆ. ಯಾರೂ ಬರೆಯದೆ ಉಳಿದ ಇತಿಹಾಸ ಒಂದಿದೆ. ಅದು ನಮ್ಮ ಹೊಳೆದಂಡೆಯದು. ದಂಡೆಯ ಹೊಲಗಳನ್ನು ಹೊಳೆ ತುಸು ತುಸುವೇ ತಿಂದುಕೊಂಡು ಬಂದ ಕಥೆ ಎಲ್ಲರ ಬಾಯಲ್ಲಿದೆ, ಯಾವ ಕಾಗದದಲ್ಲಿಯೂ ಇಲ್ಲ. ಅದನ್ನೇ ಇಲ್ಲಿ ಬರೆಯಲು ಹೊರಟಿದ್ದೇವೆ.

ಮೊದಲು ಹೊಳೆಗಳ ವಿಚಾರ. ವರದಾ ನದಿ ಸಾಗರ ತಾಲೂಕಿನ ಇಕ್ಕೇರಿಯ ಹತ್ತಿರ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಹಾನಗಲ್ಲ ಹಾವೇರಿ ಸೀಮೆಯ ಎರೆಭೂಮಿಯನ್ನು ಹಾದು ನಮ್ಮೂರಿಗೆ ಬರುತ್ತದೆ. ತುಂಗಾ ಮತ್ತು ಭದ್ರಾ ಕೂಡಲಿಯಲ್ಲಿ ಕೂಡಿ, ಹೊನ್ನಾಳಿ, ಹರಿಹರ ದಾಟಿ, ರಾಣೆಬೆನ್ನೂರು ತಾಲೂಕಿನ ದಂಡೆಯನ್ನು ಸವರಿಕೊಂಡು ಇಲ್ಲಿಗೆ ಬರುತ್ತವೆ. ಎರಡೂ ಮಲೆನಾಡಿನ ಮಳೆಯ ಹೊಳೆಗಳು. ನಮ್ಮಲ್ಲಿ ಬಿಸಿಲು ಕಾಯುತ್ತಿರುವಾಗಲೇ ಅಲ್ಲಿ ಮಳೆ ಹೊಡೆದು ಇಲ್ಲಿ ಹೊಳೆ ಏರುವುದನ್ನು ನಾವೆಲ್ಲ ನೋಡಿದ್ದೇವೆ. ತುಂಗಭದ್ರೆ ತುಂಬಿ ನಿಂತಾಗ ವರದೆಯ ನೀರಿಗೆ ಮುಂದೆ ಹೋಗಲು ಹಾದಿ ಇರುವುದಿಲ್ಲ. ಅದು ಹಿಂದೆ ಒತ್ತಿ ಹೊಲಗಳಿಗೆ ಏರುತ್ತದೆ. ದೊಡ್ಡ ಹೊಳೆ ಇಳಿದ ಕೂಡಲೇ ಹಿಡಿದಿಟ್ಟ ನೀರೆಲ್ಲ ಒಮ್ಮೆಲೇ ಓಡುತ್ತದೆ. ಸಂಗಮದ ಊರಿಗೆ ಪುಣ್ಯ ಎಷ್ಟಿದೆಯೋ ಗಂಡಾಂತರವೂ ಅಷ್ಟೇ ಇದೆ.

ಇದು ಹಿಂದಿನವರಿಗೆ ಗೊತ್ತಿತ್ತು. ಗಳಗೇಶ್ವರ ಗುಡಿ 11ನೆಯ ಶತಮಾನದ ಕಲ್ಯಾಣ ಚಾಲುಕ್ಯರ ಕಾಲದ್ದು. ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಗುಡಿಯ ಹಿಂದಕ್ಕೆ ಹೋಗಿ ನಿಂತು ನೋಡಿರಿ. ಗರ್ಭಗುಡಿಯ ಸುತ್ತ ಬುಡದಲ್ಲಿ ಅಗಲ, ಮೇಲೇರಿದಂತೆ ಕಿರಿದಾಗುವ, ಪಿರಮಿಡ್ಡಿನ ಆಕಾರದ ಕಲ್ಲಿನ ಕಟ್ಟು ಇದೆ. ಈ ಸೀಮೆಯ ಬೇರೆ ಚಾಲುಕ್ಯ ಗುಡಿಗಳಲ್ಲಿ, ಹೊಳೆದಂಡೆಯಲ್ಲೇ ಇರುವ ಚೌಡಯ್ಯದಾನಪುರದ ಮುಕ್ತೇಶ್ವರದಲ್ಲಿಯೂ, ಇಂಥದ್ದು ಕಾಣುವುದಿಲ್ಲ. ಹೊಳೆಯ ಹೊಡೆತಕ್ಕೆ ಗುಡಿ ಅಲುಗಬಾರದೆಂದು ಕೊಟ್ಟ ಆಧಾರ ಇದು ಎಂಬುದು ಊರವರ ತಿಳುವಳಿಕೆ, ನಮಗೂ ಅದೇ ಸರಿ ಎನಿಸುತ್ತದೆ. ಪ್ರವಾಸಿಗಳು ಮುಂದಿನ ಮಂಟಪದ ಗಣಪತಿಯನ್ನು ನೋಡಿ ಹೊರಟುಬಿಡುತ್ತಾರೆ. ದಂಡೆಗೆ ಹೆದರಿ ಕಟ್ಟಿದ ಈ ಹಿಂಬದಿಯನ್ನು ನೋಡುವವರು ಕಡಿಮೆ.

ದೇವರ ಮನೆಗೆ ಕಲ್ಲಿನ ಆಧಾರ ಸಿಕ್ಕಿತು. ಹೊಲಕ್ಕೆ ಸಿಗಲಿಲ್ಲ.

ಹೊಲಗಳಿಗೆ ಸಿಕ್ಕಿದ್ದು ಬಾಂದುಕಲ್ಲು. 19ನೆಯ ಶತಮಾನದ ನಡುವೆ ಇಂಗ್ಲಿಷರು ಧಾರವಾಡ ಜಿಲ್ಲೆಯನ್ನು ಅಳೆದರು. ವಿಂಗೇಟ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಮೋಜಣಿಯಾಗಿ, ಹೊಲಹೊಲಕ್ಕೆ ಸರ್ವೆ ನಂಬರು ಬಿದ್ದು, ಮೂಲೆಮೂಲೆಗೆ ಕಲ್ಲು ನೆಟ್ಟು, ನಕಾಶೆ ತಯಾರಾಯಿತು. ಇಂದಿಗೂ ನಮ್ಮ ಉತಾರಗಳಲ್ಲಿ ಕಾಣುವ ಎಕರೆ, ಗುಂಟೆಗಳ ಬೇರು ಅಲ್ಲಿದೆ. ಆ ಲೆಕ್ಕವನ್ನು ಊರಲ್ಲಿ ಇಟ್ಟುಕೊಂಡು ಬಂದವರು ಕುಲಕರ್ಣಿಗಳು. ನಮ್ಮೂರ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರ (1869-1942) ಅಡ್ಡಹೆಸರಿನಲ್ಲಿಯೂ ಅದೇ ವೃತ್ತಿಯ ಗುರುತು ಇದೆ. ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿ ಕನ್ನಡಿಗರಿಗೆ ಓದುವ ಚಟ ಹಚ್ಚಿದವರು ಅವರು. ಅವರಿಂದಾಗಿ ಗಳಗನಾಥ ಎಂಬ ಹೆಸರು ಹೊಳೆ ಕಾಣದ ಊರುಗಳಿಗೂ ಹೋಯಿತು. ಇರಲಿ, ಲೆಕ್ಕದ ಮಾತಿಗೆ ಬರೋಣ. ಮೋಜಣಿಯವರು ಎಲ್ಲ ಕಡೆ ಕಲ್ಲು ನೆಟ್ಟರು, ಆದರೆ ಹೊಳೆಯ ಕಡೆಯ ಎಲ್ಲೆಗೆ ಕಲ್ಲು ನೆಟ್ಟು ಪ್ರಯೋಜನವೇನು? ಮೂರು ದಿಕ್ಕು ಗಟ್ಟಿ, ನಾಲ್ಕನೆಯ ದಿಕ್ಕಿಗೆ ನದಿ. ದಂಡೆಯ ಹೊಲದ ಚಕ್ಕುಬಂದಿಯಲ್ಲಿ ಬರೆದಿರುವುದೇ ಹಾಗೆ.

ದಂಡೆ ಹೇಗೆ ಬೀಳುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಳೆ ಬಂದಾಗ ನೀರಿನ ರಭಸಕ್ಕೆ ಮಣ್ಣು ಕೊಚ್ಚಿ ಹೋಗುತ್ತದೆ ಎಂದು ಪಟ್ಟಣದವರು ತಿಳಿಯುತ್ತಾರೆ. ದಂಡೆಯ ಹೊಲದವರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ: "ಹೊಳಿ ಏರೋವಾಗ ಅಂಜಬ್ಯಾಡ್ರಿ, ಇಳಿಯೋವಾಗ ಅಂಜ್ರಿ." ಇದು ಖರೇ ಮಾತು, ಎಂಜಿನಿಯರರು ಹೇಳುವುದೂ ಇದನ್ನೇ. ಹೊಳೆ ತುಂಬಿದಾಗ ಎತ್ತರದ ನೀರೇ ದಂಡೆಯನ್ನು ಹೊರಗಿನಿಂದ ಒತ್ತಿ ಹಿಡಿದಿರುತ್ತದೆ. ಆ ನಾಲ್ಕಾರು ದಿವಸಗಳಲ್ಲಿ ಮಣ್ಣು ಒಳಗೊಳಗೇ ನೀರು ಕುಡಿದು ಭಾರವಾಗುತ್ತದೆ. ಆಮೇಲೆ ಹೊಳೆ ಬೇಗ ಇಳಿಯುತ್ತದೆ. ಮಣ್ಣಿನೊಳಗಿನ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಹೊರಗಿನ ಆಸರೆ ಹೋಯಿತು, ಒಳಗಿನ ಭಾರ ಹಾಗೇ ಉಳಿಯಿತು. ಬುಡವನ್ನು ಪ್ರವಾಹ ಮೊದಲೇ ಕೊರೆದಿರುತ್ತದೆ. ರಾತ್ರಿ ಧಪ್ಪೆಂದು ಸಪ್ಪಳವಾಗುತ್ತದೆ, ಬೆಳಗಾಗೆದ್ದು ನೋಡಿದರೆ ಬದುವಿನ ಸಮೇತ ಒಂದು ಹೋಳು ಕೆಳಗಿರುತ್ತದೆ. ಬೇಸಿಗೆಯಲ್ಲಿ ಎರೆಮಣ್ಣು ಬಾಯಿ ಬಿಟ್ಟ ಬಿರುಕುಗಳೇ ಮಳೆಗಾಲದಲ್ಲಿ ಹೋಳು ಬೀಳುವ ಗೆರೆಗಳು. ಬಿರುಕು ದಂಡೆಗೆ ಸಮನಾಗಿ ಓಡಿದ್ದರೆ ಆ ಹೊಲದವನು ಅಲ್ಲಿಗೆ ಎತ್ತು ಕಟ್ಟುವುದಿಲ್ಲ.

ಹೊಳೆ ತಿರುಗುವಲ್ಲಿ ಹೊರಬದಿಯ ದಂಡೆ ಸವೆಯುತ್ತದೆ, ಒಳಬದಿಯಲ್ಲಿ ಉಸುಕು ಮತ್ತು ಮೆಕ್ಕಲು ಕೂಡುತ್ತದೆ. "ನಮ್ಮ ಮಣ್ಣು ಆಚೆ ದಂಡಿಯವರ ಪಾಲಾತು" ಎಂದು ಹಿರಿಯರು ಅನ್ನುತ್ತಿದ್ದರು. ನಮ್ಮ ಮಣ್ಣು ಎದುರಿಗೇ ಹೋಗಿ ಕೂಡ್ರುವುದಿಲ್ಲ, ಹೆಚ್ಚಿನದು ಕೆಳಗೆ ಎಲ್ಲೋ ಹೋಗಿ ನಿಲ್ಲುತ್ತದೆ. ಆದರೆ ಆ ಮಾತಿನಲ್ಲಿ ಹಳೆಯ ಸಿಟ್ಟೊಂದಿದೆ. ಆಚೆ ದಂಡೆ ಹೂವಿನಹಡಗಲಿ ತಾಲೂಕು. 1953ರ ತನಕ ಅದು ಮದ್ರಾಸ್ ಸರಕಾರಕ್ಕೆ ಸೇರಿತ್ತು, ನಾವು 1956ರ ತನಕ ಮುಂಬಯಿಗೆ. ಹೊಳೆ ತಿಂದದ್ದನ್ನು ಕೇಳಬೇಕೆಂದರೆ ಕೇಳುವುದು ಯಾವ ಸರಕಾರವನ್ನು? ಕರ್ನಾಟಕ ಏಕೀಕರಣವಾದ ಮೇಲೆ ಎರಡೂ ದಂಡೆ ಒಂದೇ ರಾಜ್ಯವಾದವು. ಹೊಳೆಗೆ ಅದು ತಿಳಿದಂತೆ ಕಾಣಲಿಲ್ಲ.

ಹೊಳೆ ತಿನ್ನುವುದು ಅದರ ಸ್ವಭಾವ, ಅದಕ್ಕೆ ದಾರಿ ಮಾಡಿಕೊಟ್ಟಿದ್ದು ಮನುಷ್ಯರು. ಒಂದು ಕಾಲಕ್ಕೆ ದಂಡೆಯುದ್ದಕ್ಕೂ ಹೊಂಗೆ, ಜಾಲಿ, ಲಕ್ಕಿ, ನೀರಿನಂಚಿಗೆ ಆಪು, ಜೇಕು ಇರುತ್ತಿದ್ದವು. ಇವುಗಳ ಬೇರು ಮಣ್ಣನ್ನು ಹೊಲಿದಂತೆ ಹಿಡಿದಿರುತ್ತದೆ. ಪಂಪಸೆಟ್ಟು ಬಂದ ಮೇಲೆ ದಂಡೆಯ ಹೊಲಕ್ಕೆ ಬೆಲೆ ಬಂತು. ಕಬ್ಬು, ಭತ್ತ ಬಂದವು. ಇನ್ನೆರಡು ಸಾಲು ಹೆಚ್ಚಿಗೆ ಸಿಗಲಿ ಎಂದು ಕಂಟಿ ಕಡಿದು ನೀರಿನ ಅಂಚಿನ ತನಕ ಸಾಗುವಳಿ ಮಾಡುವುದು ರೂಢಿಯಾಯಿತು. ಆ ಎರಡು ಸಾಲು ಮೊದಲು ಹೋದವು, ಅವುಗಳ ಹಿಂದೆ ನಾಲ್ಕು ಹೋದವು. ನೀರುಣಿಸಿದ ಹೊಲದ ದಂಡೆ ವರ್ಷವಿಡೀ ಹಸಿಯಾಗಿರುವುದರಿಂದ ಬೀಳುವುದೂ ಬೇಗ.

ಎರಡನೆಯದು ಉಸುಕು. ತುಂಗಭದ್ರೆಯ ಉಸುಕು ಹೆಸರಾದದ್ದು. ಸಿಮೆಂಟಿನ ಮನೆಗಳ ಕಾಲ ಬಂದಂತೆ ಅದಕ್ಕೆ ಬಂಗಾರದ ಬೆಲೆ ಬಂತು. ಹಾವೇರಿ ಜಿಲ್ಲೆಯಲ್ಲಿ ಅಕ್ರಮ ಮರಳು ಸಾಗಾಟದ ಸುದ್ದಿ ಪತ್ರಿಕೆಗಳಿಗೆ ಹಳತಾಗಿದೆ. ತಳದ ಉಸುಕು ತೆಗೆದರೆ ಹೊಳೆ ಆಳವಾಗುತ್ತದೆ, ದಂಡೆಯ ಬುಡ ಬರಿದಾಗುತ್ತದೆ. ಗೋಡೆಯ ಪಾಯದ ಮಣ್ಣು ತೋಡಿ ಗೋಡೆ ನಿಲ್ಲಲಿ ಎಂದರೆ ನಿಂತೀತೇ? ಬಂಡಿಗಟ್ಟಲೆ ಉಸುಕು ಹೋದಾಗ ಊರಿಗೆ ಏನೂ ಆಗಿರಲಿಲ್ಲ. ಟ್ರ್ಯಾಕ್ಟರು, ಟಿಪ್ಪರು, ಯಂತ್ರಗಳು ಹೊಳೆಗೆ ಇಳಿದ ಮೇಲಿನ ಮಾತೇ ಬೇರೆ. ಇದರಲ್ಲಿ ನಮ್ಮ ಸೀಮೆಯ ಜನರೇ ಕೂಲಿಗೆ ಹೋಗಿದ್ದಾರೆ, ನಮ್ಮವರೇ ಟ್ರ್ಯಾಕ್ಟರು ಓಡಿಸಿದ್ದಾರೆ. ಬರಗಾಲದ ವರ್ಷ ಹೊಟ್ಟೆಗೆ ಬೇಕಲ್ಲ ಎಂದರೆ ಉತ್ತರ ಕೊಡುವುದು ಕಷ್ಟ. ಆದರೂ ಬರೆಯಬೇಕಾದದ್ದನ್ನು ಬರೆಯಬೇಕು.

ನಮ್ಮ ಸಂಘದ ಇಪ್ಪತ್ತೈದು ವರ್ಷಗಳಲ್ಲಿ ಎರಡು ಮಹಾಪೂರಗಳನ್ನು ಯಾರೂ ಮರೆಯುವುದಿಲ್ಲ. ಮೊದಲನೆಯದು 2009ರದು. ಸಪ್ಟೆಂಬರ ಕೊನೆಯಲ್ಲಿ ಹಿಡಿದ ಮಳೆ ಅಕ್ಟೋಬರ ಮೊದಲ ವಾರದ ತನಕ ಉತ್ತರ ಕರ್ನಾಟಕವನ್ನೆಲ್ಲ ತೊಳೆಯಿತು. ಇನ್ನೂರಕ್ಕೂ ಹೆಚ್ಚು ಜನ ತೀರಿದರು. ಕೆಳಗೆ ಇದೇ ತುಂಗಭದ್ರೆಯ ದಂಡೆಯ ಮಂತ್ರಾಲಯ, ಕರ್ನೂಲುಗಳಿಗೆ ನೀರು ನುಗ್ಗಿದ್ದು ಆಗಲೇ. ಬೀಜ ಬಿರಿಯುವ ಹೊತ್ತಿಗೆ ಬಂದ ಮಳೆಯಾದ್ದರಿಂದ ಎಲ್ಲರ ಲಕ್ಷ್ಯ ಬೆಳೆಯ ಮೇಲಿತ್ತು, ಮನೆಗಳ ಮೇಲಿತ್ತು. ಆಮೇಲೆ ಸರಕಾರ "ಆಸರೆ" ಯೋಜನೆಯಲ್ಲಿ ದಾನಿಗಳ ನೆರವು ಪಡೆದು ಮುಳುಗಡೆಯಾದ ಊರುಗಳಿಗೆ ಎತ್ತರದ ಜಾಗದಲ್ಲಿ ಮನೆ ಕಟ್ಟಿಸಿತು. ಎರಡನೆಯದು 2019ರ ಅಗಸ್ಟ್ ತಿಂಗಳದ್ದು. ಮಲೆನಾಡಿನಲ್ಲಿ ವಾರಗಟ್ಟಲೆ ಮಳೆ ಬಿದ್ದು ವರದಾ, ಕುಮುದ್ವತಿ, ತುಂಗಭದ್ರಾ ಮೂರೂ ಒಟ್ಟಿಗೆ ಏರಿದವು. ರಾಜ್ಯದ 22 ಜಿಲ್ಲೆಗಳು ಆ ಸಲ ನೆರೆಪೀಡಿತವೆಂದು ಸಾರಲ್ಪಟ್ಟವು, ನಮ್ಮ ಜಿಲ್ಲೆ ಅದರಲ್ಲೊಂದು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರಕಾರ ಘೋಷಿಸಿತು. ಮಣ್ಣಿನ ಗೋಡೆಯ ಮನೆಗಳು ನೀರು ನಿಂತಾಗ ನಿಂತಿದ್ದು, ನೀರು ಇಳಿದ ಮೇಲೆ ಒಂದೊಂದೇ ಕುಸಿದದ್ದು ಹೊಳೆಸಾಲಿನ ಊರುಗಳ ಅನುಭವ. ದಂಡೆಗೆ ಆದದ್ದೇ ಗೋಡೆಗೂ ಆಯಿತು.

ಮನೆ ಬಿದ್ದರೆ ಫೋಟೋ ಇರುತ್ತದೆ, ಪಂಚನಾಮೆ ಇರುತ್ತದೆ, ತಾರೀಖು ಇರುತ್ತದೆ. ಬೆಳೆ ಹೋದರೂ ಹಾಗೆಯೇ. ಹೊಲ ಹೋದದ್ದಕ್ಕೆ ತಾರೀಖು ಎಲ್ಲಿದೆ? ಒಂದು ವರ್ಷ ಎರಡು ಗುಂಟೆ, ಮುಂದಿನ ವರ್ಷ ಏನೂ ಇಲ್ಲ, ಅದರ ಮುಂದಿನ ವರ್ಷ ಐದು ಗುಂಟೆ. ಯಾವ ಪಂಚನಾಮೆಗೂ ಸಾಲದಷ್ಟು ಚಿಕ್ಕದು, ಇಪ್ಪತ್ತು ವರ್ಷ ಕೂಡಿಸಿದರೆ ಒಂದು ಸಂಸಾರ ಬದುಕುವಷ್ಟು ದೊಡ್ಡದು.

ಇಲ್ಲಿ ಸಹಕಾರಿ ಸಂಘದ ಸಂಬಂಧ ಬರುತ್ತದೆ. 1905ರಲ್ಲಿ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದಾಗಿನಿಂದ ಸಂಘಗಳ ಕೆಲಸ ಒಂದೇ: ರೈತನ ಜಮೀನು ಮತ್ತು ಅವನ ಮಾತು, ಎರಡನ್ನೂ ನಂಬಿ ಸಾಲ ಕೊಡುವುದು. ಈಗ ಜಮೀನು ಎಂದರೆ ಉತಾರ. ಉತಾರದಲ್ಲಿ ಎರಡು ಎಕರೆ ಇದ್ದರೆ ಎರಡು ಎಕರೆಯ ಲೆಕ್ಕದಲ್ಲಿ ಬೆಳೆಸಾಲ, ಆ ಮೇರೆಗೆ ಬೋಜಾ. ಇದು ಎಲ್ಲ ಕಡೆಯ ನಿಯಮ. ಆ ಎರಡರಲ್ಲಿ ಅರ್ಧ ಎಕರೆ ಹೊಳೆಯಲ್ಲಿದ್ದರೆ? ಸದಸ್ಯ ತಾನಾಗಿ ಹೇಳುವುದಿಲ್ಲ, ಹೇಳಿದರೆ ಸಾಲ ಕಡಿಮೆಯಾಗುತ್ತದೆ. ಕಂದಾಯದವರು ಅಳೆಯಲು ಬರುವುದಿಲ್ಲ, ಅರ್ಜಿ ಕೊಡದೆ ಯಾರು ಬರುತ್ತಾರೆ? ಹೀಗೆ ಕಾಗದದ ಮೇಲಿನ ಎಕರೆ ಹಾಗೇ ಉಳಿಯುತ್ತದೆ, ಎಲ್ಲರಿಗೂ ಅನುಕೂಲವಾಗಿ. ಸಾಲ ಮಾತ್ರ ಕಾಗದದ್ದಲ್ಲ, ಅದನ್ನು ಉಳಿದ ಒಂದೂವರೆ ಎಕರೆಯ ಬೆಳೆಯಲ್ಲಿ ತೀರಿಸಬೇಕು. ಮೊಬೈಲಿನಲ್ಲಿ ಬೆಳೆ ಸಮೀಕ್ಷೆ ಬಂದ ಮೇಲೆ ಹೊಲದೊಳಗೆ ನಿಂತು ಫೋಟೋ ತೆಗೆಯಬೇಕಾಗಿದೆ. ನಕಾಶೆ ತೋರಿಸುವ ಜಾಗಕ್ಕೆ ಹೋಗಬೇಕೆಂದರೆ ಈಜು ಬರಬೇಕು ಎಂದು ನಮ್ಮ ಸದಸ್ಯರೊಬ್ಬರು ಕಟ್ಟೆಯ ಮೇಲೆ ಕುಳಿತು ಹೇಳಿದಾಗ ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಮನೆತನಗಳ ಒಳಗೂ ಇದು ಹೊಕ್ಕಿದೆ. ಹಿಂದೆ ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಳೆಯ ಕಡೆಯ ಪಟ್ಟಿಗೆ ಜಗಳ. ಮೆಕ್ಕಲು ಮಣ್ಣು, ಕೈಗೆ ನೀರು, ಅದೇ ಮೇಲಾದ ಪಾಲು. ಹಿರಿಯನಿಗೆ ಅದನ್ನು ಕೊಟ್ಟು ಕಿರಿಯ ಮೇಲಿನ ಒಣ ಹೊಲ ತೆಗೆದುಕೊಂಡ ವಾಟ್ನಿಗಳು ಎಷ್ಟೋ ಇವೆ. ಈಗ ಹಿರಿಯನ ಮಕ್ಕಳು ಹೊಲವನ್ನು ಮತ್ತೊಮ್ಮೆ ಅಳೆದು ಸಮ ಮಾಡಿರಿ ಅನ್ನುತ್ತಾರೆ. ಕಿರಿಯನ ಮಕ್ಕಳು ಅಂದು ಒಪ್ಪಿ ಸಹಿ ಮಾಡಿದವರು ನಿಮ್ಮಪ್ಪನೇ ಅಲ್ಲವೇ ಅನ್ನುತ್ತಾರೆ. ಇಬ್ಬರ ಮಾತೂ ನ್ಯಾಯವಾಗಿಯೇ ಇದೆ. ಪಂಚರು ಕೂಡಿ ಬಗೆಹರಿಸಲಾಗದೆ ಎದ್ದು ಹೋದದ್ದುಂಟು. ಹೊಳೆಯ ಮೇಲೆ ದಾವೆ ಹೂಡಲು ಬರುವುದಿಲ್ಲ, ತಮ್ಮನ ಮೇಲೆ ಬರುತ್ತದೆ.

ಕಾಯಿದೆ ಏನೂ ಹೇಳಿಲ್ಲವೆಂದಲ್ಲ. ನಮ್ಮ ಜಿಲ್ಲೆಗೆ ಅನ್ವಯಿಸುತ್ತಿದ್ದ 1879ರ ಮುಂಬಯಿ ಭೂಕಂದಾಯ ಕಾಯಿದೆಯಲ್ಲಿಯೇ ಇದಕ್ಕೆ ಕಲಮು ಇತ್ತು. ಅರ್ಧ ಎಕರೆಗೆ ಕಡಿಮೆಯಿಲ್ಲದಷ್ಟು ಭೂಮಿ ಹೊಳೆಗೆ ಹೋದರೆ ಅಷ್ಟರ ಮಟ್ಟಿಗೆ ಕಂದಾಯ ಇಳಿಸಬೇಕು ಎಂದು ಅದು ಹೇಳಿತ್ತು. ಹೊಳೆ ಹೊಸದಾಗಿ ತಂದು ಹಾಕಿದ ಭೂಮಿಯ ಮೇಲೆ ದಂಡೆಯ ಹಿಡುವಳಿದಾರನಿಗೆ ಒಂದು ಮಿತಿಯೊಳಗೆ ಹಕ್ಕನ್ನೂ ಕೊಟ್ಟಿತ್ತು. ಕಂದಾಯವೇ ರೈತನ ಬೆನ್ನು ಮುರಿಯುತ್ತಿದ್ದ ಕಾಲದಲ್ಲಿ ಇದು ದೊಡ್ಡ ಉಪಕಾರ. ಈಗ ಕಂದಾಯ ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಕೆಲವು ರೂಪಾಯಿ ಇಳಿಸಿಕೊಳ್ಳಲು ಯಾರು ತಾಲೂಕಿಗೆ ಅಲೆಯುತ್ತಾರೆ? ಹೀಗಾಗಿ ಕಲಮು ಇದ್ದೂ ಉಪಯೋಗಕ್ಕೆ ಬಾರದಾಯಿತು, ಅದರ ಜೊತೆಗೆ ಅಳತೆಯೂ ನಿಂತಿತು.

ಇನ್ನೊಂದು ದಾರಿ ಇದೆ, ಅದು ನಮ್ಮ ಸದಸ್ಯರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ವಿಪತ್ತು ಪರಿಹಾರ ನಿಧಿಯ ನಿಯಮಗಳಲ್ಲಿ ಬೆಳೆ ಪರಿಹಾರವಲ್ಲದೆ, ನದಿ ಪಾತ್ರ ಬದಲಿಸಿ ಜಮೀನಿನ ಬಹುಪಾಲು ಹೋದರೆ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಬೇರೆ ಪರಿಹಾರವಿದೆ. 2015ರ ದರದಲ್ಲಿ ಅದು ಹೆಕ್ಟೇರಿಗೆ 37,500 ರೂಪಾಯಿ ಇತ್ತು. 2022ರಿಂದ 47,000 ಆಯಿತು. ಎಕರೆಗೆ ಸುಮಾರು 19,000. ಒಂದು ಎಕರೆ ಎರೆಹೊಲದ ಬೆಲೆ ಗೊತ್ತಿದ್ದವರಿಗೆ ಈ ಅಂಕಿಯ ಬಗ್ಗೆ ಏನೂ ಹೇಳಬೇಕಾಗಿಲ್ಲ. ಅದನ್ನು ಪಡೆಯಲೂ ಹೊಲ ತನ್ನದೆಂಬುದಕ್ಕೆ ಕಂದಾಯ ದಾಖಲೆ ಬೇಕು, ಅದು ಈ ಮಹಾಪೂರದಲ್ಲಿಯೇ ಹೋಯಿತೆಂದು ತೋರಿಸಬೇಕು. ಹಿಂದಿನ ಅಳತೆ ಇಲ್ಲದಿದ್ದರೆ ತೋರಿಸುವುದು ಯಾವುದರಿಂದ?

ಇದೇ ತುಂಗಭದ್ರೆಗೆ ಹೊಸಪೇಟೆಯ ಹತ್ತಿರ ಅಣೆಕಟ್ಟು ಕಟ್ಟಿ 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 90 ಹಳ್ಳಿಗಳ 54 ಸಾವಿರಕ್ಕೂ ಹೆಚ್ಚು ಜನ ಊರು ಬಿಟ್ಟರು. ಅವರ ಕಷ್ಟ ದೊಡ್ಡದು, ಸಿಕ್ಕ ಪರಿಹಾರ ಸಾಲಲಿಲ್ಲ ಎಂಬ ಮಾತೂ ಇದೆ. ಆದರೆ ಅವರ ಭೂಮಿಗೆ ನೋಟೀಸು ಬಂತು, ಅಳತೆಯಾಯಿತು, ಇಂಥ ದಿನ ಇಷ್ಟು ಮುಳುಗಿತು ಎಂದು ದಾಖಲಾಯಿತು. ನೀರಾವರಿ ಇಲಾಖೆ ಭೂಮಿ ತೆಗೆದುಕೊಂಡರೆ ಭೂಸ್ವಾಧೀನ, ಹೊಳೆ ತಾನೇ ತೆಗೆದುಕೊಂಡರೆ ಹಣೆಬರಹ.

ಕರಾವಳಿಯ ಬಂಧುಗಳದ್ದೂ ಇದೇ ಗೋಳು, ಅಲ್ಲಿ ತಿನ್ನುವುದು ಸಮುದ್ರ. ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡೆ ಮಳೆಗಾಲ ಬಂದರೆ ತೆಂಗಿನ ಮರ, ರಸ್ತೆ, ಮನೆ ಒಂದೊಂದಾಗಿ ಕಡಲಿಗೆ ಬೀಳುವುದನ್ನು ವರ್ಷವರ್ಷ ಪತ್ರಿಕೆಯಲ್ಲಿ ನೋಡುತ್ತೇವೆ. ನೇತ್ರಾವತಿ ಗುರುಪುರ ಹೊಳೆಗಳ ಅಳಿವೆಗೆ 1990ರ ದಶಕದಲ್ಲಿ ತಡೆಗೋಡೆ ಕಟ್ಟಿದ ಮೇಲೆ ಉಳ್ಳಾಲದ ಕಡೆ ಕೊರೆತ ಹೆಚ್ಚಿತು ಎಂದು ಹೇಳುತ್ತಾರೆ. ಒಂದು ಕಡೆ ಕಲ್ಲು ಸುರಿದರೆ ನೀರು ಪಕ್ಕದವನನ್ನು ಹಿಡಿಯುತ್ತದೆ ಎಂಬುದು ಹೊಳೆಗೂ ಕಡಲಿಗೂ ಸಮಾನ. ನಮ್ಮಲ್ಲಿಯೂ ಒಬ್ಬರು ತಮ್ಮ ಹೊಲದ ಮುಂದಷ್ಟೇ ಕಲ್ಲು ಹಾಕಿಸಿಕೊಂಡರೆ ಕೆಳಗಿನ ಹೊಲದವರ ಪಾಡೇನು ಎಂಬುದನ್ನು ಮೊದಲೇ ಯೋಚಿಸಬೇಕು. ಉಳ್ಳಾಲದಲ್ಲಿ ಏಶಿಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಸಮುದ್ರದೊಳಗೆ ದಿಬ್ಬ ಕಟ್ಟುವ ಕೆಲಸವಾಯಿತು. ಕರಾವಳಿಯವರ ದನಿ ಗಟ್ಟಿಯಾಗಿರುವುದರಿಂದ ಅಷ್ಟಾದರೂ ಆಗಿದೆ. ಹದಿನೈದನೆಯ ಹಣಕಾಸು ಆಯೋಗವು ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿಗಳನ್ನು 2021ರಿಂದ 26ರ ಅವಧಿಗೆ ಶಿಫಾರಸು ಮಾಡಿತು. ಅದರಲ್ಲಿ ಕಡಲ ಕೊರೆತದ ಜೊತೆ ನದಿ ಕೊರೆತವೂ ಸೇರಿದೆ. ದೇಶದ ಲೆಕ್ಕದಲ್ಲಿ ನಮ್ಮಂಥವರ ಹೊಲಕ್ಕೂ ಹೆಸರು ಬಂದದ್ದು ಒಳ್ಳೆಯದು. ಆದರೆ ಲೆಕ್ಕ ಕೇಳಿಕೊಂಡು ಯಾರಾದರೂ ಬಂದರೆ ತೋರಿಸಲು ನಮ್ಮ ಹತ್ತಿರ ಏನಾದರೂ ಇರಬೇಕಲ್ಲ.

ಇರುವುದು ಸಂಘದ ಸಾಲದ ಅರ್ಜಿಗಳು. ಇಪ್ಪತ್ತೈದು ವರ್ಷದ ಅರ್ಜಿಗಳಲ್ಲಿ ಸರ್ವೆ ನಂಬರು, ಕ್ಷೇತ್ರ, ಬೆಳೆ ಬರೆದಿದ್ದಾರೆ. ಉತಾರದ ಕ್ಷೇತ್ರವೂ ನಿಜವಾಗಿ ಬಿತ್ತಿದ ಕ್ಷೇತ್ರವೂ ಎಲ್ಲೆಲ್ಲಿ ಬೇರೆಯಾಗುತ್ತ ಬಂದಿವೆ ಎಂಬುದನ್ನು ತಾಳ್ಮೆಯಿಂದ ಹುಡುಕಿದರೆ ದಂಡೆ ಎಲ್ಲಿ, ಯಾವ ವರ್ಷ ಹಿಂದೆ ಸರಿಯಿತು ಎಂಬುದರ ಸುಳಿವು ಸಿಕ್ಕೀತು. ಇದರ ಮೇಲೆ ಹಿರಿಯರ ನೆನಪು ಇದೆ: ಯಾರ ಪಂಪಿನ ಮನೆ ಎಲ್ಲಿತ್ತು, ಯಾವ ಹೊಂಗೆಯ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು, ಆ ಮರ ಬಿದ್ದದ್ದು ಯಾವ ಮಳೆಗಾಲ. ಈ ನೆನಪುಗಳೂ ದಾಖಲೆಯೇ, ಆದರೆ ಹೇಳುವವರು ವರ್ಷವರ್ಷ ಕಡಿಮೆಯಾಗುತ್ತಿದ್ದಾರೆ.

ಆದ್ದರಿಂದ ಸದಸ್ಯರ ಮುಂದೆ ನಾವು ಇಡುವ ಸೂಚನೆ ಇಷ್ಟೇ. ದಂಡೆಯ ಪ್ರತಿ ಸರ್ವೆ ನಂಬರಿಗೆ ಬೇಸಿಗೆಯಲ್ಲೊಮ್ಮೆ, ಹೊಳೆ ಇಳಿದ ಮೇಲೊಮ್ಮೆ, ಒಳಗಿನ ಒಂದು ಗಟ್ಟಿ ಬಾಂದುಕಲ್ಲಿನಿಂದ ದಂಡೆಯ ಅಂಚಿನ ತನಕ ಟೇಪು ಹಿಡಿದು ಅಳೆದು, ತಾರೀಖು ಹಾಕಿ, ಇಬ್ಬರು ನೆರೆಹೊಲದವರ ಸಹಿ ಪಡೆದು ಒಂದು ವಹಿಯಲ್ಲಿ ಬರೆದಿಡುವುದು. ಇದಕ್ಕೆ ಸರಕಾರದ ಅಪ್ಪಣೆ ಬೇಡ, ಖರ್ಚೂ ಇಲ್ಲ. ಸಾಲದ ಮಿತಿಗೂ ಈ ವಹಿಗೂ ಸಂಬಂಧ ಜೋಡಿಸಬಾರದೆಂದು ಮೊದಲೇ ಠರಾವು ಮಾಡಬೇಕು, ಇಲ್ಲದಿದ್ದರೆ ಯಾರೂ ನಿಜವಾದ ಅಳತೆ ಕೊಡುವುದಿಲ್ಲ. ಇದನ್ನು ಒಪ್ಪದವರೂ ನಮ್ಮಲ್ಲಿದ್ದಾರೆ. ಒಂದು ದಿನ ಈ ವಹಿಯೇ ಬ್ಯಾಂಕಿನವರ ಕೈಗೆ ಸಿಕ್ಕು ಸಾಲಕ್ಕೆ ಕತ್ತರಿ ಬಿದ್ದೀತು ಎಂಬ ಅವರ ಹೆದರಿಕೆ ಸುಳ್ಳಲ್ಲ. ಮುಂಬರುವ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ದಂಡೆಯ ಹೊಲದವರು ತಮ್ಮ ಹಳೆಯ ಉತಾರ, ನಕಾಶೆ, ವಾಟ್ನಿ ಪತ್ರ, ಏನಿದ್ದರೂ ಸಭೆಗೆ ತರಬೇಕು. ಮಣ್ಣೆತ್ತಿನ ಅಮಾವಾಸ್ಯೆ ಆದ ಮೇಲೆ ಹೊಳೆ ಯಾವಾಗ ಬಂದೀತೆಂದು ಹೇಳಲು ಬರುವುದಿಲ್ಲ, ಮೊದಲ ಅಳತೆ ಅದಕ್ಕೂ ಮೊದಲೇ ಆಗಬೇಕು.